ಹೂ ಬಿಟ್ಟಿದ್ದೆಲ್ಲ ಕಾಯಿ ಕಟ್ಟುವುದಿಲ್ಲ

ಕೊಪ್ಪಳದಲ್ಲಿ ರೈತರು ಮತ್ತು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ

"ಗಿಡದ ತುಂಬ ಹೂ ಇತ್ತು, ಕಾಯಿ ಮಾತ್ರ ನಿಲ್ಲಲಿಲ್ಲ." ದಾಳಿಂಬೆಯವರು, ತೊಗರಿಯವರು, ಸೂರ್ಯಕಾಂತಿಯವರು, ಬೇಸಿಗೆ ಭತ್ತದವರು, ಎಲ್ಲರ ಬಾಯಲ್ಲೂ ಇದೇ ಮಾತು. ಹೂ ಉದುರಿತು ಅಂದ ಕೂಡಲೇ ಕಾಲು ಔಷಧದ ಅಂಗಡಿ ಕಡೆ ಹೊರಡುತ್ತದೆ. ಅಷ್ಟು ದೂರ ಹೋಗುವ ಮುಂಚೆ, ಉದುರಿದ ಆ ಹೂವನ್ನೇ ಎತ್ತಿಕೊಂಡು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ. ಹೂ ಕಾಯಾಗುವ ದಾರಿಯಲ್ಲಿ ಏಳೆಂಟು ಮೆಟ್ಟಿಲುಗಳಿವೆ. ಯಾವ ಮೆಟ್ಟಿಲಲ್ಲಿ ಕಾಲು ಜಾರಿತು ಅಂತ ತಿಳಿಯದೆ ಹೊಡೆದ ಔಷಧಕ್ಕೆ ಹಣ ಹೋಗುತ್ತದೆ, ಕಾಯಿ ಬರುವುದಿಲ್ಲ.

ಹತ್ತಿಯಿಂದ ಶುರು ಮಾಡೋಣ. ಬೀಜೋತ್ಪಾದನೆಯ ಪ್ಲಾಟುಗಳಲ್ಲಿ ಕ್ರಾಸಿಂಗ್, ಅಂದರೆ ಒಂದು ತಳಿಯ ಪರಾಗವನ್ನು ಇನ್ನೊಂದರ ಹೂವಿಗೆ ಕೈಯಿಂದ ಸವರುವ ಕೆಲಸ, ಮಾಡುವ ಹೆಣ್ಣುಮಕ್ಕಳು ಇಲ್ಲಿ ಸುಮಾರು ಜನ ಇದ್ದೀರಿ. ಪಾಠದ ಪುಸ್ತಕದಲ್ಲಿರುವ ಹೂವಿನ ಚಿತ್ರ ನಿಮ್ಮ ಬೆರಳ ತುದಿಗೆ ಗೊತ್ತು. ಮೇಷ್ಟರುಗಳಿಗೆ ನನ್ನ ಸಲಹೆ ಏನೆಂದರೆ, ಹೂವಿನ ಭಾಗಗಳನ್ನು ಬೋರ್ಡಿನ ಮೇಲೆ ಬರೆಯುವ ಬದಲು ಇವರಲ್ಲಿ ಒಬ್ಬರನ್ನು ತರಗತಿಗೆ ಕರೆಯಿರಿ.

ಹತ್ತಿಯ ಮೊಗ್ಗಿಗೆ ಹೊರಗಡೆ ಮೂರು ಹರಕು ಅಂಚಿನ ಹಸಿರು ಎಲೆ, ಒಳಗೆ ಐದು ದಳ. ದಳದ ಒಳಗೆ ಪರಾಗ ಹೊತ್ತ ಕೇಸರಗಳೆಲ್ಲ ಸೇರಿ ಒಂದು ಕೊಳವೆಯಾಗಿ ನಿಂತಿವೆ. ಆ ಕೊಳವೆಯ ನಡುವಿಂದ ಶಲಾಕೆ, ಅಂದರೆ ಪರಾಗ ಹಿಡಿಯುವ ಹೆಣ್ಣು ಕಡ್ಡಿ, ಹೊರಗೆ ತಲೆ ಹಾಕಿದೆ, ಬುಡದಲ್ಲಿ ಮುಂದೆ ಕಾಯಾಗುವ ಅಂಡಾಶಯ. ಅಂದರೆ ಗಂಡು, ಹೆಣ್ಣು ಎರಡೂ ಒಂದೇ ಮನೆಯಲ್ಲಿ, ಬಿಟ್ಟರೆ ತನ್ನ ಪರಾಗ ತನಗೇ. ಹೈಬ್ರಿಡ್ ಬೀಜ ಬೇಕಾದರೆ ಇದನ್ನು ತಪ್ಪಿಸಬೇಕು. ನಾಳೆ ಬೆಳಿಗ್ಗೆ ಅರಳಲಿರುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಹಿಡಿಯುತ್ತೀರಿ. ಹೆಬ್ಬೆರಳ ಉಗುರನ್ನು ದಳದ ಬುಡಕ್ಕೆ ಒತ್ತಿ, ಸುತ್ತ ಗೀರಿ, ದಳ ಮತ್ತು ಕೇಸರದ ಕೊಳವೆಯನ್ನು ಒಟ್ಟಿಗೆ ಟೋಪಿ ತೆಗೆದ ಹಾಗೆ ಮೇಲಕ್ಕೆ ಎಳೆಯುತ್ತೀರಿ. ತಪ್ಪಾಗುವುದು ಇಲ್ಲೇ. ಅಂಡಾಶಯದ ಮೇಲೆ ತೆಳುವಾದ ಬಿಳಿ ಪೊರೆ ಇದೆ. ಉಗುರು ಅದನ್ನು ಗೀರಿದರೆ ಕಾಯಿ ಎರಡು ಮೂರು ದಿನದಲ್ಲಿ ಒಣಗಿ ಬೀಳುತ್ತದೆ. ಶಲಾಕೆ ಬಾಗಿ ಮುರಿದರೂ ಅಷ್ಟೆ. ಹೊರಗಿನ ಮೂರು ಹಸಿರು ಎಲೆಗಳನ್ನು ಕೀಳಬಾರದು, ಎಳೆ ಕಾಯಿಗೆ ಅವೂ ಅನ್ನ ಹಾಕುತ್ತವೆ. ಒಂದೇ ಒಂದು ಪರಾಗಕೋಶ ಒಳಗೆ ಉಳಿದರೂ ಆ ಕಾಯಿಯ ಬೀಜ ಕಲಬೆರಕೆ. ಸುಲಿದ ಮೊಗ್ಗಿಗೆ ಕೆಂಪು ಕಾಗದದ ಟೋಪಿ ಹಾಕುವುದು ಜೇನು ಬಾರದಿರಲಿ ಅಂತಷ್ಟೇ ಅಲ್ಲ, ಮರುದಿನ ನೂರಾರು ಗಿಡಗಳ ನಡುವೆ ಅದು ಕಣ್ಣಿಗೆ ಬೀಳಲಿ ಅಂತಲೂ ಹೌದು.

ಮರುದಿನ ಬೆಳಿಗ್ಗೆ ಎಂಟರಿಂದ ಹನ್ನೊಂದರ ಒಳಗೆ ಗಂಡು ಸಾಲಿನ ಹೂ ತಂದು ಶಲಾಕೆಯ ತುದಿಗೆ ಸವರುತ್ತೀರಿ. ಒಂದು ಗಂಡು ಹೂ ನಾಲ್ಕೈದು ಹೆಣ್ಣಿಗೆ ಸಾಕು. ಅದನ್ನು ಹತ್ತಕ್ಕೆ ಎಳೆದರೆ ಕಾಯಿ ನಿಲ್ಲಬಹುದು, ಆದರೆ ಒಳಗೆ ಬೀಜ ಕಮ್ಮಿ. ಲೆಕ್ಕ ಸರಳ. ಒಂದು ಕಾಯಿಯಲ್ಲಿ ನಾಲ್ಕೈದು ತೊಳೆ, ತೊಳೆಗೆ ಆರರಿಂದ ಒಂಬತ್ತು ಅಂಡಕ, ಅಂದರೆ ಮುಂದೆ ಬೀಜವಾಗುವ ಮೊಳಕು. ಅಂಡಕಕ್ಕೆ ಒಂದರಂತೆ ಪರಾಗದ ಕಣ ಬೇಕು, ಅದೂ ಜೀವ ಇರುವ ಕಣ. ಹತ್ತಿಯ ಪರಾಗಕ್ಕೆ ಒಂದೇ ದಿನದ ಆಯುಷ್ಯ, ಸಂಜೆಯಾಗುವಷ್ಟರಲ್ಲಿ ಸತ್ತಿರುತ್ತದೆ. ಬೆಳಿಗ್ಗೆ ತುಂತುರು ಮಳೆ ಬಿದ್ದರಂತೂ ಕಣಗಳು ನೀರು ಕುಡಿದು ಒಡೆದೇ ಹೋಗುತ್ತವೆ. ಮಳೆ ಬಂದ ದಿನ ಕ್ರಾಸ್ ಮಾಡಿದ ಕಾಯಿ ಯಾಕೆ ನಿಲ್ಲುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ. ಕೂಲಿಯವರ ಕೈಗುಣ ಅಂತ ಅವರನ್ನು ಬೈಯಬೇಡಿ.

ಸವರಿದ ಮೇಲೆ ಏನಾಗುತ್ತದೆ? ಶಲಾಕೆಯ ಮೇಲೆ ಕೂತ ಕಣ ಮೊಳೆಯುತ್ತದೆ. ಅದರಿಂದ ಕೂದಲಿಗಿಂತ ಸಣ್ಣ ನಾಳವೊಂದು ಹೊರಟು, ಶಲಾಕೆಯ ಒಳಗೇ ದಾರಿ ಮಾಡಿಕೊಂಡು ಅಂಡಾಶಯಕ್ಕೆ ಇಳಿಯುತ್ತದೆ. ಹತ್ತಿಯಲ್ಲಿ ಈ ಪ್ರಯಾಣಕ್ಕೆ ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ನಾಳದಲ್ಲಿ ಎರಡು ಗಂಡು ಕಣಗಳಿರುತ್ತವೆ. ಒಂದು ಅಂಡಾಣುವನ್ನು ಕೂಡಿ ಭ್ರೂಣವಾಗುತ್ತದೆ. ಇನ್ನೊಂದು, ಪಕ್ಕದಲ್ಲೇ ಇರುವ ಎರಡು ಕೋಶಕೇಂದ್ರಗಳನ್ನು ಕೂಡಿ ಭ್ರೂಣಾಹಾರವಾಗುತ್ತದೆ, ಅಂದರೆ ಮಗುವಿಗೆ ಕಟ್ಟಿಕೊಟ್ಟ ಬುತ್ತಿ. ಹೂಗಿಡಗಳಲ್ಲಿ ಹೀಗೆ ಎರಡು ಕೂಡಿಕೆ ನಡೆಯುತ್ತದೆ ಅಂತ 1898ರಲ್ಲಿ ಲಿಲ್ಲಿ ಜಾತಿಯ ಹೂಗಳಲ್ಲಿ ಕಂಡು ಹೇಳಿದವನು ರಷ್ಯದ ಸಸ್ಯವಿಜ್ಞಾನಿ ನವಾಶಿನ್.

ಈ ಬುತ್ತಿಯನ್ನು ನೀವು ಬಾಯಲ್ಲೇ ರುಚಿ ನೋಡಿದ್ದೀರಿ. ಬಿಳಿಜೋಳದ ಎಳೆ ತೆನೆ ಸುಟ್ಟು, ಉಜ್ಜಿ, ಬಿಸಿ ಬಿಸಿ ಸೀತನಿ ತಿನ್ನುತ್ತೇವಲ್ಲ, ಹಲ್ಲಿಗೆ ಸಿಕ್ಕಾಗ ಚಿಮ್ಮುವ ಆ ಸಿಹಿ ಹಾಲೇ ಭ್ರೂಣಾಹಾರ. ಇನ್ನೂ ಸಕ್ಕರೆಯ ರೂಪದಲ್ಲಿದೆ, ಹಿಟ್ಟು ಕಟ್ಟಿಲ್ಲ. ಹದಿನೈದು ದಿನ ಬಿಟ್ಟರೆ ಅದೇ ಹಾಲು ಗಟ್ಟಿಯಾಗಿ ರೊಟ್ಟಿಯ ಹಿಟ್ಟಾಗುತ್ತದೆ. ಎಳನೀರೂ ಇದೇ ವಸ್ತು. ತೊಗರಿಯ ಕಥೆ ಬೇರೆ. ಅದರ ಭ್ರೂಣ ಕಾಯಿಯ ಒಳಗೇ ಬುತ್ತಿಯನ್ನೆಲ್ಲ ತಿಂದು ತನ್ನ ಎರಡು ಬೀಜದಳಗಳಲ್ಲಿ ತುಂಬಿಕೊಂಡುಬಿಡುತ್ತದೆ. ಆ ಎರಡು ದಳಗಳೇ ನಮ್ಮ ಬೇಳೆ. ಅದಕ್ಕೇ ಬೇಳೆ ಎರಡು ಹೋಳಾಗುತ್ತದೆ, ಜೋಳ ಎಷ್ಟು ಕುಟ್ಟಿದರೂ ಎರಡು ಹೋಳಾಗುವುದಿಲ್ಲ, ನುಚ್ಚಾಗುತ್ತದೆ.

ಮತ್ತೆ ಹೂವಿಗೆ ಬರೋಣ. ಹತ್ತಿಗೆ ಕೈ ಇದೆ, ಸೂರ್ಯಕಾಂತಿಗೆ ಯಾರಿದ್ದಾರೆ? ಸೂರ್ಯಕಾಂತಿಯ ತೆನೆ ಒಂದು ಹೂವಲ್ಲ, ನೂರಾರು ಹೂಗಳ ಜಾತ್ರೆ. ಸುತ್ತಲಿನ ಹಳದಿ ದಳ ಬರೀ ಜೇನನ್ನು ಕರೆಯುವ ಬಾವುಟ. ಕಾಳು ಕಟ್ಟುವುದು ನಡುವಿನ ಪುಟ್ಟ ಹೂಗಳು. ಅವು ಹೊರಸುತ್ತಿನಿಂದ ಒಳಕ್ಕೆ ದಿನಕ್ಕೆ ಎರಡು ಮೂರು ಸುತ್ತಿನಂತೆ ಅರಳುತ್ತಾ ಬರುತ್ತವೆ. ಪ್ರತಿ ಪುಟ್ಟ ಹೂವಲ್ಲೂ ಮೊದಲ ದಿನ ಪರಾಗ, ಮರುದಿನ ಶಲಾಕೆ. ತನ್ನ ಪರಾಗ ತನಗೆ ಬೇಡ ಅನ್ನುವ ಸ್ವಭಾವ ಬೇರೆ. ಹೀಗಾಗಿ ಜೇನು ಬಾರದ ಹೊಲದಲ್ಲಿ ತೆನೆ ನೋಡಲು ತಟ್ಟೆಯಗಲ, ಒಳಗೆ ಜೊಳ್ಳು. ಎಕರೆಗೆ ಎರಡು ಜೇನುಪೆಟ್ಟಿಗೆ ಇಟ್ಟರೆ ಒಳ್ಳೆಯದು. ಪೆಟ್ಟಿಗೆ ಸಿಗದಿದ್ದರೆ ಬೆಳಿಗ್ಗೆ ಎಂಟರಿಂದ ಹನ್ನೊಂದರ ನಡುವೆ ಕೈಗೆ ಮೆತ್ತನೆ ಬಟ್ಟೆ ಸುತ್ತಿಕೊಂಡು ಒಂದು ತೆನೆ ಸವರಿ ಇನ್ನೊಂದನ್ನು ಸವರುತ್ತಾ ಹೋಗಿ, ದಿನ ಬಿಟ್ಟು ದಿನ, ಎಂಟು ಹತ್ತು ದಿನ. ಬಾವುಟದ ದಳ ಬಿಚ್ಚುವಾಗ ಲೀಟರಿಗೆ 2 ಗ್ರಾಂ ಬೋರಾಕ್ಸ್ ಕಲಸಿ ತೆನೆಗೆ ಸಿಂಪಡಿಸುವುದರಲ್ಲಿ ಅರ್ಥವಿದೆ. ಪರಾಗನಾಳ ಬೆಳೆಯಲು ಬೋರಾನ್ ಬೇಕೇ ಬೇಕು. ಆದರೆ ಬೆಳಗಿನ ಹೊತ್ತು ಕೀಟನಾಶಕ ಹೊಡೆದು ಜೇನನ್ನೇ ಕೊಂದ ಮೇಲೆ ಬೋರಾಕ್ಸ್ ಏನು ಮಾಡೀತು? ಹೊಡೆಯಲೇಬೇಕಾದರೆ ಸಂಜೆ, ಜೇನು ಗೂಡಿಗೆ ಮರಳಿದ ಮೇಲೆ.

ಭತ್ತದ್ದು ಇನ್ನೂ ಬಿಗಿಯಾದ ಲೆಕ್ಕ. ಗಂಗಾವತಿ, ಸಿಂಧನೂರು ಕಡೆಯವರು ಗಮನ ಕೊಡಿ. ಭತ್ತದ ಕಾಳಿನ ಎರಡು ಸಿಪ್ಪೆಗಳ ಬುಡದಲ್ಲಿ ಎರಡು ಪುಟ್ಟ ಗುಳ್ಳೆಗಳಿವೆ. ಅವು ನೀರು ತುಂಬಿ ಉಬ್ಬಿದಾಗ ಸಿಪ್ಪೆ ತೆರೆಯುತ್ತದೆ, ಪರಾಗ ಬೀಳುತ್ತದೆ, ಮತ್ತೆ ಮುಚ್ಚುತ್ತದೆ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಸುಮಾರಿಗೆ, ಒಂದು ಗಂಟೆಯ ಆಚೀಚೆ ಈ ಬಾಗಿಲು ತೆರೆದಿರುತ್ತದೆ. ಆ ಹೊತ್ತಿಗೆ ಬಿಸಿಲು 35 ಡಿಗ್ರಿ ದಾಟಿದರೆ ಪರಾಗಕೋಶ ಸರಿಯಾಗಿ ಬಿಚ್ಚುವುದಿಲ್ಲ, ಬಿದ್ದ ಕಣವೂ ಮೊಳೆಯುವುದಿಲ್ಲ. ಒಮ್ಮೆ ಬಾಗಿಲು ಮುಚ್ಚಿದರೆ ಆ ಕಾಳು ಜೊಳ್ಳೇ, ಆಮೇಲೆ ಗೊಬ್ಬರ ಹಾಕಿ ತುಂಬಿಸಲು ಬರುವುದಿಲ್ಲ. ಕಾಲುವೆ ನೀರು ತಡವಾಯಿತು ಅಂತ ಬೇಸಿಗೆ ನಾಟಿ ಮುಂದೆ ಹೋದಷ್ಟೂ ಹೂ ಏಪ್ರಿಲ್ ಬಿಸಿಲಿಗೆ ಸಿಕ್ಕುತ್ತದೆ. ತೆನೆ ನೆಟ್ಟಗೆ ನಿಂತೇ ಇರುವುದನ್ನು ನೋಡಿ ರೋಗ ಅಂದುಕೊಳ್ಳುವವರಿದ್ದಾರೆ. ಕಾಳು ಒತ್ತಿ ನೋಡಿ. ಬರೀ ಸಿಪ್ಪೆ, ಒಳಗೆ ಏನೂ ಇಲ್ಲ, ಕಲೆಯೂ ಇಲ್ಲ ಅಂದರೆ ಮೊದಲು ಅನುಮಾನಿಸಬೇಕಾದ್ದು ಹೂವಿನ ದಿನದ ಬಿಸಿಲನ್ನು.

ಕುಷ್ಟಗಿ, ಯಲಬುರ್ಗಾದವರು ಕಾಯುತ್ತಿರುವ ದಾಳಿಂಬೆಗೆ ಬರುತ್ತೇನೆ. ಉದುರಿದ ಹೂ ಇಪ್ಪತ್ತು ಎತ್ತಿಕೊಂಡು ನೆಲದ ಮೇಲೆ ಸಾಲಾಗಿ ಇಡಿ. ಎರಡು ಬಗೆ ತಾನಾಗಿ ಕಾಣುತ್ತದೆ. ಒಂದರ ಬುಡ ದಪ್ಪ, ಹೂದಾನಿಯ ಹಾಗೆ. ಸೀಳಿದರೆ ಉದ್ದನೆಯ ಶಲಾಕೆ ಕೇಸರಗಳ ಮಟ್ಟಕ್ಕೆ ಅಥವಾ ಅವನ್ನೂ ಮೀರಿ ಬಂದಿರುತ್ತದೆ. ಇದು ಕಾಯಾಗಬಲ್ಲ ಹೂ. ಇನ್ನೊಂದರ ಬುಡ ಚೂಪು, ಗಂಟೆಯ ಆಕಾರ. ಸೀಳಿದರೆ ಶಲಾಕೆ ಮೊಂಡು, ಅಂಡಾಶಯ ಹೆಸರಿಗೆ ಮಾತ್ರ. ಇದು ಗಂಡು ಹೂ. ಪರಾಗ ಕೊಟ್ಟು ಉದುರುವುದೇ ಅದರ ಕೆಲಸ. ಇವೆರಡರ ನಡುವಿನವೂ ಸಿಗುತ್ತವೆ, ಕಾಯಾದರೂ ಸೊಟ್ಟಗಾಗುತ್ತವೆ. ಉದುರಿದ್ದರಲ್ಲಿ ಗಂಟೆಯ ಹೂಗಳೇ ಹೆಚ್ಚಿದ್ದರೆ ಉದುರದಂತೆ ಹಾರ್ಮೋನು ಹೊಡೆಯುವುದು ದಂಡ, ಅವು ಉದುರಬೇಕಾದವೇ. ಆಗ ಕೇಳಬೇಕಾದ ಪ್ರಶ್ನೆ, ಗಿಡ ಯಾಕೆ ಇಷ್ಟು ಗಂಡು ಹೂ ಬಿಟ್ಟಿತು ಅನ್ನುವುದು. ಬಹಾರ್‌ಗೆ, ಅಂದರೆ ಹೂವಿನ ಹಂಗಾಮಿಗೆ, ಮುಂಚೆ ಗಿಡಕ್ಕೆ ಸಾಕಷ್ಟು ವಿಶ್ರಾಂತಿ ಸಿಕ್ಕಿತೇ, ಹಿಂದಿನ ಕಾಯಿ ಗಿಡದ ಕಸುವನ್ನೆಲ್ಲ ಹೀರಿತ್ತೇ ಅಂತ ನೋಡಿ. ಉದುರಿದ್ದು ಹೂದಾನಿಯ ಹೂಗಳಾದರೆ ಮಾತ್ರ ನೀರು, ಜೇನು, ನುಸಿ ಇವುಗಳ ವಿಚಾರಣೆ ಶುರು.

ದಾಳಿಂಬೆಯಲ್ಲಿ ನಾವು ತಿನ್ನುವ ಕೆಂಪು ಭಾಗ ಬೀಜದ ಹೊರಸಿಪ್ಪೆ ಅಂತ ಎಷ್ಟು ಜನಕ್ಕೆ ಗೊತ್ತು? ಮಾವಿನಲ್ಲಿ ತಿನ್ನುವುದು ಅಂಡಾಶಯದ ಗೋಡೆ, ದಾಳಿಂಬೆಯಲ್ಲಿ ಬೀಜದ ಅಂಗಿ. ನೆತ್ತಿಯ ಮೇಲಿನ ಕಿರೀಟ ಹಳೆಯ ಹೂವಿನ ಪುಷ್ಪಪಾತ್ರೆ. ಹೊರಗಿನ ತೊಗಲು ಬಲಿತ ಮೇಲೆ ಹಿಗ್ಗುವುದಿಲ್ಲ. ಹತ್ತು ದಿನ ಒಣಗಿಸಿ ಆಮೇಲೆ ಒಮ್ಮೆಲೇ ನೀರು ಬಿಟ್ಟರೆ ಒಳಗಿನ ಅಂಗಿಗಳು ನೀರು ಹೀರಿ ಉಬ್ಬುತ್ತವೆ, ತೊಗಲು ಸೀಳುತ್ತದೆ. ಕಾಯಿ ಬಿರಿಯುವುದು ಹೀಗೆ. ದಿನವೂ ಒಂದೇ ಅಳತೆಯಲ್ಲಿ ಡ್ರಿಪ್ ಬಿಡುವವರ ತೋಟದಲ್ಲಿ ಈ ಗೋಳು ಕಡಿಮೆ.

ತೊಗರಿ ಬಗ್ಗೆ ಒಂದೇ ಮಾತು. ನೂರು ಹೂವಿಗೆ ಹತ್ತಿಪ್ಪತ್ತು ಕಾಯಿ ನಿಂತರೆ ಅದು ಗಿಡದ ಸಹಜ ಲೆಕ್ಕ. ಉಳಿದದ್ದು ಉದುರಿತು ಅಂತ ಎದೆ ಬಡಿದುಕೊಳ್ಳಬೇಡಿ.

ಶೇಂಗಾದ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಇದರ ಹಾಗೆ ನಡೆದುಕೊಳ್ಳುವ ಗಿಡ ನಮ್ಮ ಹೊಲದಲ್ಲಿ ಇನ್ನೊಂದಿಲ್ಲ. ಬಿತ್ತಿದ 25-30 ದಿನಕ್ಕೆ ಹಳದಿ ಹೂ ಬರುತ್ತದೆ, ಬೆಳಿಗ್ಗೆ ಅರಳಿ ಅದೇ ದಿನ ಬಾಡುತ್ತದೆ. ಪರಾಗಸ್ಪರ್ಶ ಹೂ ಅರಳುವ ಹೊತ್ತಿಗೇ ಮುಗಿದಿರುತ್ತದೆ, ಜೇನಿನ ಹಂಗಿಲ್ಲ. ಹೂವಿನ ತೊಟ್ಟು ಅಂತ ನಾವು ಅಂದುಕೊಳ್ಳುವುದು ತೊಟ್ಟಲ್ಲ, ಉದ್ದನೆಯ ಕೊಳವೆ. ಅಂಡಾಶಯ ಅದರ ಬುಡದಲ್ಲಿ, ಎಲೆಯ ಕಂಕುಳಲ್ಲಿ ಅಡಗಿದೆ. ಹೂ ಬಾಡಿ ಒಂದು ವಾರದ ಒಳಗೆ ಅಂಡಾಶಯದ ಬುಡ ಬೆಳೆಯಲು ತೊಡಗಿ, ತುದಿಯಲ್ಲಿ ಕೂಸನ್ನು ಹೊತ್ತುಕೊಂಡು ನೆಲದ ಕಡೆ ಬಾಗುತ್ತದೆ. ಇದೇ ಊಡು. ಮಣ್ಣಿಗೆ ಇಳಿದು ಕತ್ತಲೆ ಸಿಕ್ಕಿದ ಮೇಲಷ್ಟೇ ತುದಿ ಅಡ್ಡ ತಿರುಗಿ ಕಾಯಿ ಕಟ್ಟುತ್ತದೆ. ಗೇಣಿಗಿಂತ ಎತ್ತರದಲ್ಲಿ ಬಿಟ್ಟ ಹೂವಿನ ಊಡು ನೆಲ ಮುಟ್ಟುವ ಮುಂಚೆ ಒಣಗುತ್ತದೆ. ನೆಲ ಹೆಪ್ಪುಗಟ್ಟಿದ್ದರೆ ಚುಚ್ಚಲಾಗದೆ ಮೇಲೇ ಉಳಿಯುತ್ತದೆ.

ಈಗ ಶೇಂಗಾಕ್ಕೆ ಸುಣ್ಣದ ಅಂಶ (ಕ್ಯಾಲ್ಸಿಯಂ) ಇರುವ ಜಿಪ್ಸಂ ಯಾಕೆ ಅಂತ ಕೇಳಿ. ಗಿಡದಲ್ಲಿ ಸುಣ್ಣದ ಅಂಶ ಸಾಗುವುದು ನೀರಿನ ಜೊತೆ, ನೀರು ಸಾಗುವುದು ಎಲೆ ಬೆವರುವ ಕಡೆಗೆ. ಮಣ್ಣಿನೊಳಗಿನ ಕಾಯಿ ಬೆವರುವುದಿಲ್ಲ, ಆದ್ದರಿಂದ ಬೇರು ಹೀರಿದ ಸುಣ್ಣ ಅದಕ್ಕೆ ಸಿಗುವುದೇ ಇಲ್ಲ. ತನ್ನ ಸುತ್ತಲಿನ ಮಣ್ಣಿಂದ ಕಾಯಿ ತಾನೇ ಹೀರಿಕೊಳ್ಳಬೇಕು. ಅದಕ್ಕೇ ಎಕರೆಗೆ 200 ಕಿಲೋ ಜಿಪ್ಸಂ ಹೂವಿನ ಹೊತ್ತಿಗೆ ಗಿಡದ ಬುಡದ ಪಕ್ಕಕ್ಕೇ ಬೀಳಬೇಕು, ಎಡೆಕುಂಟೆ ಹೊಡೆದು ಮಣ್ಣು ಏರಿಸಬೇಕು. ಸಾಲಿನ ನಡುವೆ ಚೆಲ್ಲಿದರೆ ಅದು ಕಾಯಿಗೆ ದೂರದ ನೆಂಟ. ಊಡು ಇಳಿದ ಮೇಲೆ, ಅಂದರೆ 45 ದಿನ ದಾಟಿದ ಮೇಲೆ, ಕುಂಟೆಯನ್ನು ಹೊಲಕ್ಕೆ ಇಳಿಸಬೇಡಿ. ಕಸ ಕೀಳುವುದಿದ್ದರೆ ಕೈಯಿಂದ.

ಬಳ್ಳಾರಿ ಅಂಜೂರದ ಪ್ರಶ್ನೆ ಚೀಟಿಯಲ್ಲಿ ಬಂದಿದೆ: "ಹೂವೇ ಬಿಡದೆ ಹಣ್ಣು ಹೇಗೆ?" ಹೂ ಇದೆ, ಒಳಮುಖವಾಗಿದೆ. ಅಂಜೂರ, ಅತ್ತಿ, ಆಲ ಇವುಗಳಲ್ಲಿ ನಾವು ಹಣ್ಣು ಅನ್ನುವುದು ಬಾಯಿ ಕಟ್ಟಿದ ಚೀಲ, ನೂರಾರು ಹೂ ಅದರ ಒಳಗೋಡೆಯಲ್ಲಿ. ಅತ್ತಿಯ ಹೂ ಕಂಡವರಿಲ್ಲ ಅನ್ನುವುದು ಇದಕ್ಕೇ. ಅತ್ತಿ ಒಂದು ಪುಟ್ಟ ಕಣಜದ ಹುಳವನ್ನು ಗೊತ್ತುಮಾಡಿಕೊಂಡಿದೆ. ಹೆಣ್ಣು ಕಣಜ ಚೀಲದ ಬಾಯಿಯ ಬಿಗಿಯಾದ ಹುರುಪೆಗಳ ನಡುವೆ ನುಗ್ಗುವಾಗ ರೆಕ್ಕೆ ಕಳಚಿಕೊಳ್ಳುತ್ತದೆ, ಒಳಗೆ ಪರಾಗ ಸವರಿ, ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ರೆಕ್ಕೆಯಿಲ್ಲದ ಗಂಡುಮರಿಗಳು ಮೊದಲು ಹೊರಬಂದು, ಹೆಣ್ಣುಗಳನ್ನು ಕೂಡಿ, ಅವಕ್ಕೆ ಹೊರಹೋಗಲು ದಾರಿ ಕೊರೆಯುತ್ತವೆ. ಅತ್ತಿ ಹಣ್ಣು ಬಿಚ್ಚಿದರೆ ಹುಳ ಅಂತ ಗಾದೆ ಮಾಡಿದವರು ಮರವನ್ನು ಬೈದರು, ಹುಳ ಇಲ್ಲದಿದ್ದರೆ ಅತ್ತಿಗೆ ಬೀಜವೇ ಇಲ್ಲ. ಬಳ್ಳಾರಿ ಅಂಜೂರಕ್ಕೆ ಮಾತ್ರ ಕಣಜ ಬೇಕಿಲ್ಲ. ಪರಾಗಸ್ಪರ್ಶವಿಲ್ಲದೆ ಹಣ್ಣಾಗುವ ಜಾತಿ ಅದು. ಹಲ್ಲಿಗೆ ಕರಕರ ಅನ್ನುವ ಬೀಜಗಳು ಒಳಗೆ ಟೊಳ್ಳು. ಅದಕ್ಕೇ ಕಡ್ಡಿ ನೆಟ್ಟು ಬೆಳೆಸುತ್ತೇವೆ, ಬೀಜ ಬಿತ್ತುವುದಿಲ್ಲ.

ಇನ್ನು ಬೀಜ ಊರು ಬಿಡುವ ವಿಚಾರ. ತಾಯಿಯ ಬುಡದಲ್ಲೇ ಬಿದ್ದ ಬೀಜಕ್ಕೆ ನೆರಳು, ಪೈಪೋಟಿ, ತಾಯಿಯದೇ ರೋಗ. ದೂರ ಹೋಗಬೇಕು, ಆದರೆ ಕಾಲಿಲ್ಲ. ನೀವು ಮಾರುವ ಅರಳೆ ನೂಲಿಗೆ ಅಂತ ಹುಟ್ಟಿದ್ದಲ್ಲ. ಹತ್ತಿಬೀಜದ ಸಿಪ್ಪೆಯ ಮೇಲಿನ ಒಂದೊಂದು ಕೋಶ ಹೂ ಅರಳಿದ ದಿನವೇ ಉದ್ದವಾಗತೊಡಗಿ ಒಂದೊಂದು ಎಳೆಯಾಗುತ್ತದೆ. ಒಂದು ಬೀಜದ ಮೇಲೆ ಇಂಥವು ಹತ್ತು ಸಾವಿರಕ್ಕೂ ಹೆಚ್ಚು. ಕಾಡು ಹತ್ತಿಯಲ್ಲಿ ಇವು ಗಿಡ್ಡ, ಸಾವಿರಾರು ವರ್ಷ ಆರಿಸಿ ಆರಿಸಿ ಉದ್ದ ಮಾಡಿದವರು ಒಕ್ಕಲಿಗರು. ಎಕ್ಕದ ಬೀಜದ ರೇಷ್ಮೆ ಜುಟ್ಟು ಗಾಳಿಗೆ, ಉತ್ತರಾಣಿ ನಿಮ್ಮ ಧೋತರದ ಅಂಚಿಗೆ, ನೆಗ್ಗಿಲು ಮುಳ್ಳು ಸೈಕಲ್ ಟ್ಯೂಬಿಗೆ. ಹರಳಿನ ಕಾಯಿ ಬಿಸಿಲಿಗೆ ಟಪ್ ಅಂತ ಸಿಡಿದು ಬೀಜ ಎಸೆಯುತ್ತದೆ. ಆ ಬೀಜದ ತುದಿಯಲ್ಲಿರುವ ಬಿಳಿ ಗಂಟು ಇರುವೆಗೆ ಕೊಟ್ಟ ಕೂಲಿ.

ಒಕ್ಕಲುತನ ಅಂದರೆ ಒಂದರ್ಥದಲ್ಲಿ ಗಿಡದ ಈ ಚಟ ಬಿಡಿಸುವುದೇ. ಜೋಳ ತೆನೆಯಲ್ಲೇ ಕಾಳು ಹಿಡಿದುಕೊಂಡು ನಮ್ಮನ್ನು ಕಾಯುತ್ತದೆ. ಎಳ್ಳು ಪೂರ್ತಿ ಪಳಗಿಲ್ಲ. ಅದರ ಕಾಯಿ ಬುಡದಿಂದ ಮೇಲಕ್ಕೆ ಬಲಿಯುತ್ತದೆ, ತುದಿಯ ಕಾಯಿಗೆ ಕಾದು ಕೂತರೆ ಬುಡದವು ಬಾಯಿ ಬಿಟ್ಟು ನೆಲಕ್ಕೆ ಸುರಿದಿರುತ್ತವೆ. ಮುಕ್ಕಾಲು ಪಾಲು ಕಾಯಿ ಹಳದಿಗೆ ತಿರುಗಿದಾಗಲೇ ಕೊಯ್ದು, ಸಿವುಡು ಕಟ್ಟಿ, ನೆಟ್ಟಗೆ ನಿಲ್ಲಿಸಿ ಒಣಗಿಸಬೇಕು. ಕೂರಿಗೆ ಬಿತ್ತನೆಯ ಗದ್ದೆಗಳಲ್ಲಿ ಕಾಡುವ ಕಾಡುಭತ್ತವೂ ಹಾಗೇ. ನಮ್ಮ ಭತ್ತಕ್ಕಿಂತ ಮುಂಚೆ ಉದುರಿ ಮುಂದಿನ ವರ್ಷಕ್ಕೆ ನೆಲ ಸೇರಿರುತ್ತದೆ. ಕೊಯ್ಲಿನ ಯಂತ್ರ ಇನ್ನೊಬ್ಬರ ಗದ್ದೆಯಿಂದ ನಿಮ್ಮದಕ್ಕೆ ಬರುವ ಮುಂಚೆ ಅದನ್ನು ಬದುವಿನಾಚೆ ಝಾಡಿಸಿ.

ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾಯಿತು. ಅಲ್ಲಿನ ಬಂಡೆಗಳ ನಡುವೆ ಕರಡಿಯ ಲದ್ದಿ ಕೆದಕಿದರೆ ಬಾರಿ, ಕವಳಿ, ಕಕ್ಕೆಯ ಬೀಜ ಸಿಗುತ್ತವೆ. ಗೊಬ್ಬರದ ಸಮೇತ ಬಿತ್ತನೆ. ಬೇವಿನದು ಹಕ್ಕಿ ಮತ್ತು ಬಾವಲಿಯ ಕೆಲಸ, ಅದಕ್ಕೇ ಬೇವಿನ ಸಸಿ ಬೇರೆ ಮರದ ಬುಡದಲ್ಲೇ ಹೆಚ್ಚು. ಬೇವಿನ ಬೀಜ ಡಬ್ಬಿಯಲ್ಲಿಟ್ಟು ಮುಂದಿನ ಮಳೆಗಾಲಕ್ಕೆ ಬಿತ್ತುವವರು ಸೋಲುತ್ತಾರೆ, ಕೆಲವೇ ವಾರಗಳಲ್ಲಿ ಅದರ ಜೀವ ಹೋಗುತ್ತದೆ. ಹಣ್ಣು ಬಿದ್ದ ಕೂಡಲೇ ತಿರುಳು ತೊಳೆದು ಬಿತ್ತಿ.

ಕೊನೆಯದು ನಮ್ಮ ಸೀಮೆಯ ಹೆಸರು ಕೆಡಿಸಿದ ಗಿಡ, ಬಳ್ಳಾರಿ ಜಾಲಿ. ಬಳ್ಳಾರಿಗೂ ಅದರ ಹುಟ್ಟಿಗೂ ಸಂಬಂಧವಿಲ್ಲ, ಅದು ಅಮೆರಿಕ ಖಂಡದ್ದು. 1870ರ ದಶಕದಲ್ಲಿ ಉರುವಲಿಗೆಂದು ಮದ್ರಾಸ್ ಪ್ರಾಂತ್ಯಕ್ಕೆ ತರಿಸಿದರು, ಬಳ್ಳಾರಿ ಆಗ ಆ ಪ್ರಾಂತ್ಯದಲ್ಲೇ ಇತ್ತು. ಅದರ ಹಳದಿ ಕಾಯಿ ತಾನಾಗಿ ಬಿರಿಯುವುದಿಲ್ಲ. ತಿರುಳು ಸಿಹಿ, ದನ ಕುರಿ ಮೇಕೆ ಹುಡುಕಿಕೊಂಡು ತಿನ್ನುತ್ತವೆ. ಒಳಗೆ ಬೀಜಕ್ಕೆ ಕಲ್ಲಿನಂಥ ಕವಚ. ಹೊಟ್ಟೆಯ ಆಮ್ಲ ಅದನ್ನು ಸವೆಸುತ್ತದೆ, ಸಾಯಿಸುವುದಿಲ್ಲ. ಸಗಣಿಯಲ್ಲಿ ಹೊರಬಿದ್ದ ಬೀಜ ತಾಜಾ ಬೀಜಕ್ಕಿಂತ ಬೇಗ ಮೊಳೆಯುತ್ತದೆ. ದನದ ಸಗಣಿಯಲ್ಲಿ ಗಟ್ಟಿ ಬೀಜ ಹೆಚ್ಚು. ಕುರಿ ಚೆನ್ನಾಗಿ ಅಗಿಯುವುದರಿಂದ ಸ್ವಲ್ಪ ಕಮ್ಮಿ, ಆದರೆ ಇನ್ನೂರು ಕುರಿಯ ಮಂದೆಯಲ್ಲಿ ಆ ಕಮ್ಮಿಯೂ ಸಾಕು.

ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವುದು ಒಳ್ಳೆಯ ಪದ್ಧತಿ, ಬಿಡಬೇಡಿ. ಮಂದೆಯವರನ್ನು ಒಂದು ಮಾತು ಕೇಳಿ: ಕಳೆದ ವಾರ ಎಲ್ಲಿ ಮೇಯಿಸಿದಿರಿ? ಜಾಲಿ ಕಾಯಿ ಉದುರಿದ ಹಳ್ಳದ ದಂಡೆಯಲ್ಲಿ ಅಂದರೆ ಏಳೆಂಟು ದಿನ ಬೇರೆ ಮೇವಿನ ಮೇಲಿಟ್ಟು ಆಮೇಲೆ ಬರಲು ಹೇಳಿ, ಅಷ್ಟರಲ್ಲಿ ಹೊಟ್ಟೆ ಖಾಲಿಯಾಗಿರುತ್ತದೆ. ಕಾಯಿಯನ್ನು ನೀವೇ ಮೇವಿಗೆ ಬಳಸುವುದಾದರೆ ಒಣಗಿಸಿ, ಬೀಜ ಪುಡಿಯಾಗುವ ಹಾಗೆ ಗಿರಣಿಯಲ್ಲಿ ಬೀಸಿ ಹಾಕಿ. ಇಷ್ಟಾಗಿಯೂ ಮೊದಲ ಮಳೆಗೆ ಸಸಿ ಎದ್ದರೆ ಹದ ಇರುವಾಗ ಬೇರು ಸಮೇತ ಕಿತ್ತುಬಿಡಿ. ವರ್ಷ ದಾಟಿದ ಗಿಡವನ್ನು ನೆಲಮಟ್ಟಕ್ಕೆ ಕಡಿದರೆ ಒಂದಕ್ಕೆ ಹತ್ತು ಚಿಗುರು. ಅದರ ಕಣ್ಣುಗಳು ಮಣ್ಣಿನೊಳಗೆ ಬುಡದಲ್ಲಿವೆ, ಗುದ್ದಲಿ ಒಂದು ಗೇಣು ಕೆಳಗೆ ಇಳಿಯಬೇಕು.